ಶ್ರೀಕಾರದ ಸಾಲು

೧೯೮೮, ಜುಲೈ ೪, ಸೋಮವಾರ

ಇವತ್ತು ನಮ್ಮ ಧರ್ಮಾಸ್ಪತ್ರೆಗೆ ಕಂಪ್ಯೂಟರ್ ಬಂತು. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದು. ಮೂರ್ಛೆ ಖಾಯಿಲೆಯವರಿಗೆ ತಿಂಗಳ ಮಾತ್ರೆಯನ್ನ ಕವರಿಗೆ ಹಾಕಿ ಕೊಡೋದು ನನ್ನ ಕೆಲಸ. ಇಷ್ಟು ವರ್ಷ ಡಾಕ್ಟರಮ್ಮ ಬರೆದ ಕಾರ್ಡು ನೋಡಿಕೊಂಡು ಹಾಕುತ್ತಿದ್ದೆ. ಇನ್ನು ಮೇಲೆ ಎಲ್ಲರ ಹೆಸರೂ, ಯಾರಿಗೆ ಯಾವ ಮಾತ್ರೆ ಅನ್ನೋದೂ ಆ ಪೆಟ್ಟಿಗೆಯೊಳಗೆ ಇರುತ್ತದಂತೆ.

ಸೆಕ್ರೆಟರಿ ಹನುಮಂತಯ್ಯನವರು ಕರೆದು, "ವೆಂಕಟಲಕ್ಷ್ಮಮ್ಮ, ನೀವು ಕಾರ್ಡು ಓದಿ ಹೇಳಿ, ಈ ಹುಡುಗಿ ಟೈಪ್ ಮಾಡ್ತಾಳೆ" ಅಂದರು. ಹುಡುಗಿ ಹೆಸರು ವತ್ಸಲಾ. ರಾಜಾಜಿನಗರದಲ್ಲಿ ಎಲ್ಲೋ ಕಲಿತು ಬಂದಿದ್ದಾಳೆ. ಕೆಲಸ ಇನ್ನೂ ಖಾಯಂ ಆಗಿಲ್ಲ. ಅದಕ್ಕೇ ಎಲ್ಲದಕ್ಕೂ ಹೂಂ ಅಂತಾಳೆ.

ಕಪ್ಪು ಗಾಜು, ಅದರೊಳಗೆ ಹಸಿರು ಅಕ್ಷರ. ಬಾವಿಯೊಳಗೆ ಬಗ್ಗಿ ನೋಡಿದ ಹಾಗೆ ಆಯಿತು. "ಇದೊಂದು ದೊಡ್ಡ ಹಾಳೆ ಅಮ್ಮಾ" ಅಂದಳು. "ನಮಗೆ ಕಾಣೋದು ಒಂದು ಕಿಟಕಿಯಷ್ಟು ಮಾತ್ರ. ಮಿಕ್ಕಿದ್ದು ಆಚೆ ಕಡೆ ಇರುತ್ತೆ." ಏನೋ ಒಂದು ಒತ್ತಿದಳು, ಸರ್ರನೆ ತಳಕ್ಕೆ ಹೋಗಿ ನಿಂತಿತು. ಎಂಟು ಸಾವಿರದ ಮೇಲೆ ಸಾಲು ಇದೆಯಂತೆ.

"ನಮ್ಮಲ್ಲಿರೋದೇ ಮುನ್ನೂರು ಜನ. ಮಿಕ್ಕ ಸಾಲೆಲ್ಲ ಯಾರಿಗೆ?" ಅಂದೆ.

"ಯಾರಿಗೂ ಅಲ್ಲ. ಖಾಲಿ."

ಯಾರಿಗೂ ಅಲ್ಲದ ಸಾಲು ಯಾಕೆ ಇಟ್ಟಿರುತ್ತಾರೆ. ಅಷ್ಟು ಜನಕ್ಕೆ ಖಾಯಿಲೆ ಬರಲಿ ಅಂತ ಎಲೆ ಹಾಕಿಕೊಂಡು ಕಾಯ್ತಿರೋ ಹಾಗೆ ಕಂಡಿತು ನನಗೆ. ನಮ್ಮ ಜಯದೇವಿ ಕಾರ್ಡೂ ಅದೇ ಕಟ್ಟಿನಲ್ಲಿದೆ. ನನ್ನ ಮಗ ಚನ್ನಕೇಶವನ ಹೆಂಡತಿ. ಹದಿನಾಲ್ಕನೇ ವಯಸ್ಸಿನಿಂದ ಮೂರ್ಛೆ. ಈಗ ಐದು ತಿಂಗಳ ಬಸುರಿ. ಮಾತ್ರೆ ತಪ್ಪದೆ ಕೊಟ್ಟಿದ್ದಕ್ಕೆ ಮದುವೆಯಾದಾಗಿಂದ ಒಂದು ಸಲವೂ ಬಂದಿಲ್ಲ. ಅವಳ ಹೆಸರನ್ನ ಆ ಬಾವಿಯೊಳಗೆ ಹಾಕೋದಕ್ಕೆ ಮನಸ್ಸು ಒಪ್ಪುತ್ತಿಲ್ಲ.

ಆಂಜನೇಯಸ್ವಾಮಿ, ಕಾಪಾಡಪ್ಪ.

ಜುಲೈ ೧೨, ಮಂಗಳವಾರ

ಟೈಪ್ ಮಾಡೋದು ಮುಗೀತು. ಎಡಗಡೆ ಕೊನೆಯಲ್ಲಿ ನಂಬರು, ಹೆಸರು. ಆಮೇಲೆ ವಯಸ್ಸು, ವಿಳಾಸ, ತೂಕ, ಯಾವಾಗ ಶುರುವಾಯಿತು, ಇನ್ನೂ ಏನೇನೋ. ಮಾತ್ರೆ ಎಷ್ಟು ಅನ್ನೋದು ಬಲಗಡೆ ಎಲ್ಲೋ ದೂರದಲ್ಲಿ. ಅಲ್ಲಿಗೆ ಹೋಗಬೇಕಾದರೆ ಹೆಸರು ಗಾಜಿನಿಂದ ಆಚೆ ಹೋಗಿಬಿಡುತ್ತದೆ. ಬರೀ ಅಂಕಿಗಳು, ಯಾರವೋ ಏನೋ. ವತ್ಸಲಾ ಗಾಜಿನ ಮೇಲೆ ಸ್ಕೇಲು ಇಟ್ಟುಕೊಂಡು ಸಾಲು ಹಿಡಿಯುತ್ತಿದ್ದಳು. ನಾನು ಪ್ರತಿ ಸಲವೂ ಹೆಸರು ಜೋರಾಗಿ ಕೂಗಿ ಹೇಳುತ್ತಿದ್ದೆ. ಒಂದೊಂದು ಕಾರ್ಡನ್ನೂ ಎರಡೆರಡು ಸಲ ನೋಡಿದ್ದೇವೆ. ಅದರಲ್ಲಿ ತಪ್ಪಿಲ್ಲ.

ಎಲ್ಲ ಆದ ಮೇಲೆ ನೋಡಿದರೆ ಶ್ರೀಕಾರವೇ ಇಲ್ಲ. ನಮ್ಮಲ್ಲಿ ದಿನಸಿ ಚೀಟಿ ಬರೆಯಬೇಕಾದರೂ ಮೇಲೆ ಶ್ರೀ ಹಾಕಿಯೇ ಬೆಲ್ಲ, ಬೇಳೆ ಬರೆಯೋದು.

"ಮೇಲೆ ಜಾಗ ಇಲ್ಲ ಅಮ್ಮಾ. ಮೊದಲನೇ ಸಾಲಿಂದಲೇ ಹೆಸರು ಶುರುವಾಗಿದೆ" ಅಂದಳು.

"ಜಾಗ ಮಾಡು ಕಣೇ. ಜನರ ಜೀವದ ವಿಷಯ. ದೇವರ ಹೆಸರಿಲ್ಲದೆ ಹೆಂಗೆ ಕಳಿಸೋದು?"

"ನಮ್ಮ ಮೇಷ್ಟ್ರು ಇದೆಲ್ಲ ಹೇಳ್ಕೊಟ್ಟಿಲ್ಲ."

"ನಾನು ಹೇಳ್ಕೊಡ್ತಿದೀನಲ್ಲ."

ನಕ್ಕಳು. ಗಾಜಿನ ಮೇಲೆ ಕಾಣುತ್ತಿದ್ದ ಹೆಸರುಗಳನ್ನ ಹಿಡಿದು, ಕೆಳಗಿನ ತನಕ ಎಳೆದು, ಒಂದು ಸಾಲು ಕೆಳಕ್ಕೆ ಜರುಗಿಸಿದಳು. ಮೇಲೆ ಖಾಲಿಯಾದ ಜಾಗದಲ್ಲಿ ಇಂಗ್ಲಿಷಿನಲ್ಲಿ ಶ್ರೀ ಅಂತ ಹಾಕಿದಳು. ಪೆಟ್ಟಿಗೆ ತಲೆಗೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿದೆ. ಮನಸ್ಸಿಗೆ ಎಷ್ಟೋ ನೆಮ್ಮದಿಯಾಯಿತು. ಸೆಕ್ರೆಟರಿಯವರು ಹಳೇ ಕಾರ್ಡುಗಳನ್ನ ಕಟ್ಟಿಸಿ ಅಟ್ಟಕ್ಕೆ ಹಾಕಿಸಿದರು.

ಸ್ವಾಮಿ, ಇನ್ನು ನಿನ್ನದೇ ಭಾರ.

ಆಗಸ್ಟ್ ೧, ಸೋಮವಾರ

ಮಾತ್ರೆ ಕೊಡೋ ದಿನ. ಅಚ್ಚು ಹಾಕಿದ ಹಾಳೆ ಅಗಲ ಜಾಸ್ತಿ ಅಂತ ಎರಡು ಪಾಲಾಗಿ ಬಂದಿತ್ತು. ಹೆಸರಿನ ಪಾಲು ಒಂದು, ಮಾತ್ರೆಯ ಪಾಲು ಒಂದು. ಮೈದಾ ಅಂಟು ಕಾಯಿಸಿ, ಗೆರೆಗೆ ಗೆರೆ ಕೂಡಿಸಿ ನಾನೇ ಅಂಟಿಸಿದ್ದೆ. ಹೋದ ವಾರವೆಲ್ಲ ಅದನ್ನ ನೋಡಿಕೊಂಡೇ ಕವರು ತುಂಬಿದ್ದು.

ಜನ ಬಂದರು, ತಗೊಂಡರು, ಹೋದರು. ಕೊನೆಗೆ ಕೆಂಗೇರಿಯ ಅಣ್ಣಮ್ಮ. ಅವರ ಹೆಸರು ಪಟ್ಟಿಯ ತುದಿಯಲ್ಲಿದೆ, ಎದುರಿಗೆ ಮಾತ್ರೆಯ ಜಾಗ ಖಾಲಿ.

"ನಿಮಗೆ ಏನೂ ಬರೆದಿಲ್ಲಮ್ಮ. ನಿಲ್ಲಿಸಿದ್ದಾರೇನೋ" ಅಂದೆ.

"ನಿಲ್ಸಿದಾರಾ? ವಾಸಿ ಆಯ್ತು ಅಂತಾನಾ?"

"ಪಟ್ಟಿಯಲ್ಲಿ ಹಿಂಗೇ ಬಂದಿದೆ."

ಆಕೆ ಮುಖ ಅರಳಿತು. ನನ್ನ ಕೈ ಹಿಡಿದುಕೊಂಡು, ನಿಮ್ಮ ಕೈಗುಣ ತಾಯಿ ಅಂದು ಹೋದರು.

ಮನೆಯಲ್ಲಿ ಜಯದೇವಿ ಕವರು ಬಿಚ್ಚಿ, "ಅತ್ತೆ, ಈ ಸಲ ದಿನಕ್ಕೆ ಒಂದೇ ಇದೆ. ಅದೂ ಚಿಕ್ಕದು. ಮೊದಲು ದೊಡ್ಡದು ಎರಡು ಕೊಡ್ತಿದ್ರಿ" ಅಂದಳು.

"ಬಸುರಿ ಅಂತ ಕಡಿಮೆ ಮಾಡಿರ್ತಾರೆ. ಪಟ್ಟಿ ನೋಡೇ ಹಾಕಿದ್ದು."

"ಡಾಕ್ಟರಮ್ಮನ್ನ ಒಂದು ಮಾತು ಕೇಳಬಾರದಾ?"

"ನಿನಗಿಂತ ಅವರಿಗೆ ಗೊತ್ತಿರಲ್ವಾ? ಸುಮ್ನೆ ನುಂಗು" ಅಂದೆ. ಡಾಕ್ಟರಮ್ಮ ಗುರುವಾರ ಮಾತ್ರ ಬರೋದು, ಹೊಸಬರನ್ನ ನೋಡೋದಕ್ಕೇ ಪುರುಸೊತ್ತಿರಲ್ಲ. ಅವರ ಮುಂದೆ ನಿಂತು ನಾನು ಏನಂತ ಕೇಳಲಿ.

ಆಗಸ್ಟ್ ೬, ಶನಿವಾರ

ಬೆಳಗ್ಗೆ ಕಾಫಿ ಲೋಟ ಜಯದೇವಿ ಕೈಯಿಂದ ಬಿತ್ತು. ಎಡಗೈ ತಾನಾಗೇ ಎಗರಿತಂತೆ. ಲೋಟ ಬಿದ್ದಿದ್ದಕ್ಕೆ ನಗುತ್ತಾ ನಿಂತಿದ್ದಾಳೆ.

ಆಷಾಢ ಮಾಸ. ಸಂಜೆ ಹೊತ್ತು ಹಿತ್ತಲಿಗೆ ಹೋಗಬೇಡ ಅಂದರೆ ಕೇಳಲ್ಲ, ತಲೆ ಕೆದರಿಕೊಂಡು ಹೋಗ್ತಾಳೆ. ಏನಾದರೂ ಸೋಕಿರಬೇಕು ಅಂತ ಬಸ್ಸು ಹತ್ತಿಸಿ ಗಾಳಿ ಆಂಜನೇಯನ ಗುಡಿಗೆ ಕರಕೊಂಡು ಹೋದೆ. ಪ್ರದಕ್ಷಿಣೆ ಹಾಕಿಸಿ, ತಾಯತ ಕಟ್ಟಿಸಿದೆ. ವಾಪಸು ಬರುವಾಗ, "ಅತ್ತೆ, ದಾರಕ್ಕೆ ಇಷ್ಟು ನಂಬ್ತೀರ, ನನ್ನ ಮಾತಿಗೆ ನಂಬಲ್ಲ" ಅಂದಳು. ಬಸ್ಸಿನಲ್ಲಿ ಅಂತ ಬೈಯದೆ ಬಿಟ್ಟೆ.

ಒಂದು ಅನುಮಾನ ಬಂದಿದೆ. ಮಗುವಿಗೆ ಆಗಲ್ಲ ಅಂತ ಯಾರಾದರೂ ತಲೆ ಕೆಡಿಸಿ, ಇವಳು ಮಾತ್ರೆ ಉಗಿಯುತ್ತಿದ್ದಾಳಾ?

ಆಗಸ್ಟ್ ೯

ಇವತ್ತೂ ಕೈ ಎಗರಿತು. ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿದೆ. ನುಂಗಿದ್ದಾಳೆ.

ಸ್ವಾಮಿ ಸ್ವಾಮಿ ಸ್ವಾಮಿ.

ಆಗಸ್ಟ್ ೧೨, ಶುಕ್ರವಾರ

ಭೀಮನ ಅಮಾವಾಸ್ಯೆ. ಚನ್ನಕೇಶವ ಮೊದಲನೇ ಪಾಳಿಗೆ ಹೋಗುವ ಮೊದಲೇ ಅವನ ಪಾದಪೂಜೆ ಮಾಡಿ, ಆರತಿ ಎತ್ತಿ ಕಳಿಸಿದಳು. ಆಮೇಲೆ ಹಿತ್ತಲ ನಲ್ಲಿ ಹತ್ತಿರ ಬಟ್ಟೆ ಹಿಂಡುತ್ತಾ ನಿಂತಿದ್ದಳು. ನಾನು ಒಳಗೆ ಕಡುಬಿನ ಹಿಟ್ಟು ತೊಳಸುತ್ತಿದ್ದೆ. ಬಕೀಟು ಉರುಳಿದ ಸದ್ದು ಬಂತು. ಏನೇ ಅಂದೆ. ಹಿತ್ತಲಿಗೆ ಓಡಿದೆ.

ಅವಳು ಬಿದ್ದಿದ್ದಳು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಮೈಯೆಲ್ಲ ಹೊಡೆದುಕೊಳ್ಳುತ್ತಾ, ಬಾಯಲ್ಲಿ ನೊರೆ. ಪಕ್ಕದ ಮನೆ ಲಿಂಗಮ್ಮ ಕಾಂಪೌಂಡು ಹಾರಿ ಬಂದು ಕೈಗೆ ಬೀಗದ ಕೈ ಗೊಂಚಲು ಹಿಡಿಸಿದಳು. ಮಗ್ಗುಲಿಗೆ ಮಲಗಿಸಬೇಕು ಅಂತ ಆಸ್ಪತ್ರೆಯಲ್ಲಿ ನಾನೇ ಎಷ್ಟು ಜನಕ್ಕೆ ಹೇಳಿದ್ದೇನೆ, ನನಗೇ ಹೊಳೆಯಲಿಲ್ಲ. ಹೊಟ್ಟೆ ಮೇಲೆ ಕೈ ಅಡ್ಡ ಹಿಡಿದುಕೊಂಡು ಕೂತುಬಿಟ್ಟಿದ್ದೆ.

ಆಟೋದಲ್ಲಿ ದೊಡ್ಡ ಆಸ್ಪತ್ರೆಗೆ ಹೋದೆವು. ಇಂಜೆಕ್ಷನ್ ಕೊಟ್ಟರು. ಮಗುವಿನ ಎದೆಬಡಿತ ಕೇಳಿಸುತ್ತಿದೆ, ಆದರೂ ಅಲುಗಾಟ ಗಮನಿಸುತ್ತಿರಿ ಅಂದರು. ಅಲ್ಲಿಯ ಡಾಕ್ಟರು ಕವರು ನೋಡಿ, "ಇಷ್ಟು ಕಡಿಮೆ ಯಾರಮ್ಮ ಬರೆದಿದ್ದು?" ಅಂದರು. ಪಟ್ಟಿಯಲ್ಲಿದೆ ಅಂದೆ. "ಯಾವ ಪಟ್ಟಿ?" ಅಂದರು. ನಿಮ್ಮ ಡಾಕ್ಟರನ್ನ ಬೇಗ ಕೇಳಿ ಅಂತ ಬೈದು ಕಳಿಸಿದರು.

ಆಗಸ್ಟ್ ೧೩

ಬೆಳಗ್ಗೆಯಿಂದ ಮಗು ಅಲುಗಿಲ್ಲ ಅಂತಾಳೆ. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಗೋಡೆ ನೋಡುತ್ತಾ ಕೂತಿದ್ದಾಳೆ. ಚನ್ನಕೇಶವ ಅವಳ ಪಕ್ಕ ಕೂತು ಟ್ರಾನ್ಸಿಸ್ಟರ್ ಹಾಕುತ್ತಾನೆ, ಆರಿಸುತ್ತಾನೆ.

ಸಂಜೆ ಒಂದು ಸಲ ಅಲುಗಿತಂತೆ. ನಿಜ ಹೇಳಿದಳೋ, ನನ್ನ ಮುಖ ನೋಡಿ ಹೇಳಿದಳೋ.

ಆಗಸ್ಟ್ ೧೬, ಮಂಗಳವಾರ

ಇದನ್ನ ಹೇಗೆ ಬರೆಯಲಿ.

ಆಸ್ಪತ್ರೆಗೆ ಬಿನ್ನಿಪೇಟೆಯ ಬೈರಯ್ಯ ಬಂದಿದ್ದ. ಪಟ್ಟಿಯಲ್ಲಿ ಜಯದೇವಿಗಿಂತ ಒಂದು ಸಾಲು ಮೇಲಿನವನು. ಲೇತು ಮಿಷನ್ನಿನ ಮೇಲೆ ಕೆಲಸ. "ಏನ್ ಕೊಟ್ಟಿದೀರಾ ತಾಯಿ ಈ ಸಲ? ಬಸ್ಸಲ್ಲಿ ಕೂತ್ರೆ ಕೊನೇ ಸ್ಟಾಪಲ್ಲೇ ಏಳೋದು. ಕಂಡಕ್ಟ್ರು ನನ್ನ ಹೆಸರಿಡಿದು ಎಬ್ಬಿಸ್ತಾನೆ ಈಗ, ನೆಂಟನಾಗ್ಬುಟ್ಟವ್ನೆ" ಅಂದ. ನಗುತ್ತಲೇ ಹೇಳಿದ. ಮಿಷನ್ ಮುಂದೆ ನಿಂತು ತೂಕಡಿಸಿದ್ದಕ್ಕೆ ಮೇಸ್ತ್ರಿ ಮನೆಗೆ ಕಳಿಸಿದ್ದಾನೆ.

ಕವರು ಇಸಕೊಂಡು ನೋಡಿದೆ. ದೊಡ್ಡ ಮಾತ್ರೆ ಎರಡು. ಇವನಿಗೆ ಯಾವಾಗಲೂ ಒಂದೇ. ಎರಡು ದೊಡ್ಡದು ನಮ್ಮ ಜಯದೇವಿದು.

ಅಂಟಿಸಿದ ಹಾಳೆ ಹರಡಿದೆ. ಬೈರಯ್ಯನ ಎದುರಿಗೆ ಜಯದೇವಿ ಮಾತ್ರೆ. ಜಯದೇವಿ ಎದುರಿಗೆ ಒಂದು ಚಿಕ್ಕದು, ಅದು ಅವಳ ಕೆಳಗಿರೋ ರಾಮಕ್ಕಜ್ಜಿಯದು. ರಾಮಕ್ಕಜ್ಜಿಗೆ ಅವರ ಕೆಳಗಿನವರದು. ಬೆರಳಿಟ್ಟುಕೊಂಡು ಮೇಲೆ ಮೇಲೆ ಹೋದೆ. ಎಲ್ಲರಿಗೂ ಕೆಳಗಿನವರ ಮಾತ್ರೆ. ಕೊನೆಗೆ ತಲೆಗೆ ಬಂದೆ. ಶ್ರೀ. ಅದರ ಎದುರಿಗೆ, ಬೆಳಗ್ಗೆ ಒಂದು ರಾತ್ರಿ ಒಂದು ಅಂತ ಇದೆ.

ದೇವರಿಗೆ ಮಾತ್ರೆ ಬರೆದಿದೆ.

ಹೆಸರು ಮಾತ್ರ ಕೆಳಗೆ ಜರುಗಿತ್ತು. ಗಾಜಿನಾಚೆ ಇದ್ದ ಮಾತ್ರೆಯ ಸಾಲು ನಿಂತಲ್ಲೇ ನಿಂತಿತ್ತು. ವತ್ಸಲಾಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ. ತುಂಬುವಾಗ ಶ್ರೀಯ ಎದುರಿಗೆ ಏನಿದೆ ಅಂತ ನಾನು ನೋಡಲೇ ಇಲ್ಲ, ಅಲ್ಲಿ ಏನು ತಾನೇ ಇರುತ್ತದೆ. ತುದಿಯಲ್ಲಿ ಅಣ್ಣಮ್ಮನ ಪಾಲಿಗೆ ಖಾಲಿ ಉಳಿಯಿತು. ಹಾಕು ಕಣೇ ಅಂದವಳು ನಾನು.

ಬೈರಯ್ಯನಿಗೆ ಎರಡಲ್ಲ ಒಂದೇ ತಗೋ, ಎರಡು ದಿನ ಮಿಷನ್ನಿಗೆ ಹೋಗಬೇಡ ಅಂತ ಸರಿ ಮಾಡಿ ಕಳಿಸಿದೆ. ಡಬ್ಬಿಯಿಂದ ಜಯದೇವಿಯ ಮಾತ್ರೆ ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡೆ. ಹಾಳೆ ಸುತ್ತಿಟ್ಟೆ. ವತ್ಸಲಾ, "ಏನಮ್ಮಾ, ಮುಖ ಯಾಕೆ ಹಂಗಿದೆ?" ಅಂದಳು. ಬಿಸಿಲು ಅಂದೆ. ಹೊರಗೆ ಮೋಡ ಇತ್ತು.

ಆಗಸ್ಟ್ ೧೭, ಬುಧವಾರ

ಯಾರಿಗೂ ಹೇಳಿಲ್ಲ. ಹೇಳಿದರೆ ಮೊದಲು ಹೋಗೋದು ವತ್ಸಲಾ ಕೆಲಸ. ಆಮೇಲೆ ನನ್ನದು. ಪೊಲೀಸು ಗಿಲೀಸು ಅಂದರೆ? ಹೊಸ ತಿಂಗಳ ಕವರು ಸುಮ್ಮನೆ ಸರಿಯಾಗಿ ತುಂಬಿಬಿಟ್ಟರೆ ಯಾರಿಗೂ ಗೊತ್ತಾಗಲ್ಲ. ಇನ್ನು ಎರಡು ಮೂರು ವಾರ ಅಷ್ಟೆ. ಹೀಗೇ ಯೋಚಿಸುತ್ತಾ ಇವತ್ತು ದೇವರ ದೀಪಕ್ಕೆ ಎಣ್ಣೆ ಹಾಕೋದು ಮರೆತಿದ್ದೇನೆ.

ಊಟ ಆದ ಮೇಲೆ ದೊಡ್ಡ ಮಾತ್ರೆ ಎರಡು ಕೊಟ್ಟೆ. ಜಯದೇವಿ ಅಂಗೈ ಮೇಲಿಟ್ಟುಕೊಂಡು ನೋಡಿದಳು.

"ನೆನ್ನೆಯಿಂದ ಎರಡು ಕೊಡ್ತಿದೀರ. ಡಾಕ್ಟರಮ್ಮ ನಾಳೆ ತಾನೇ ಬರೋದು?"

ಮೊದಲು ಗದರಿಸಿದೆ. ಆಮೇಲೆ ಹೇಳಿಬಿಟ್ಟೆ. ಶ್ರೀಕಾರದಿಂದ ಬೈರಯ್ಯನ ತನಕ ಎಲ್ಲ. ಅಳುತ್ತಾಳೆ, ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಸುಮ್ಮನೆ ಮಾತ್ರೆ ನುಂಗಿ, ನೀರು ಕುಡಿದು, ಲೋಟ ಕೆಳಗಿಟ್ಟಳು.

"ಹಂಗಾದ್ರೆ ಮಿಕ್ಕಿದವರು?"

"ವತ್ಸಲಾ ಕೆಲಸ ಹೋಗುತ್ತೆ ಕಣೇ. ಆ ಹುಡುಗಿ ಸಂಬಳದಲ್ಲೇ ಅವರ ಮನೆ ನಡೀತಿರೋದು."

"ನಾನು ಬಿದ್ದಾಗ ಒಗೆಯೋ ಕಲ್ಲು ಗೇಣುದ್ದ ಆಚೆ ಇತ್ತು ಅತ್ತೆ" ಅಂದಳು. ಎದ್ದು ಒಳಗೆ ಹೋದಳು.

ಆಗಸ್ಟ್ ೧೮, ಗುರುವಾರ

ಹೇಳಿದೆ.

ಡಾಕ್ಟರಮ್ಮ ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಳ್ಳೋದಕ್ಕೆ ಮುಂಚೆ ಹೋಗಿ ಹಾಳೆ ಬಿಚ್ಚಿದೆ. ಅವರು ಒಂದು ಸಾಲು ನೋಡಿದರು, ಎರಡು ನೋಡಿದರು, ಕುರ್ಚಿ ಎಳೆದು ಕೂತರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಎಷ್ಟು ದಿನದಿಂದ ಗೊತ್ತು ನಿಮಗೆ?"

"ಮೊನ್ನೆಯಿಂದ."

"ಮೊನ್ನೆಯಿಂದ" ಅಂತ ಅವರೂ ಅಂದರು. ಅಷ್ಟೆ.

ವತ್ಸಲಾ ಗೋಡೆಗೆ ಒರಗಿ ಅಳುತ್ತಿದ್ದಳು. ಹಾಕು ಅಂದಿದ್ದು ನಾನು, ಹುಡುಗಿ ಬೇಡ ಅಂದಳು ಅಂತ ಹೇಳಿದೆ. ಹನುಮಂತಯ್ಯನವರು ಬಾಗಿಲು ಮುಂದೆ ಮಾಡಿ, "ಶ್ರೀ ಹಾಕಿದ್ದಕ್ಕೆ ಹಿಂಗಾಯ್ತು ಅಂತ ಮಾತ್ರ ಹೊರಗೆ ಹೋಗಬಾರದು. ದಾನ ಕೊಡೋರೆಲ್ಲ ಭಕ್ತರು" ಅಂದರು.

"ದೇವರನ್ನ ಆಮೇಲೆ ನೋಡೋಣ. ಮೊದಲು ಅಟ್ಟದಿಂದ ಕಾರ್ಡು ಇಳಿಸಿ" ಅಂದರು ಡಾಕ್ಟರಮ್ಮ. "ಒಬ್ಬೊಬ್ಬರ ಮನೆಗೂ ಹೋಗಿ ಕವರು ಬದಲಾಯಿಸಬೇಕು. ಇವತ್ತಿಂದಲೇ."

ಏಣಿ ಹತ್ತಿ ನಾನೇ ಇಳಿಸಿದೆ. ಧೂಳಿಗೆ ಕೆಮ್ಮು ಬಂತು. ಜಯದೇವಿಯ ಬಗ್ಗೆ ಹೇಳಿದಾಗ ಡಾಕ್ಟರಮ್ಮ, ನಾಳೆ ನಾನೇ ನಿಮ್ಮ ಮನೆಗೆ ಬರ್ತೀನಿ ಅಂದರು.

ಆಗಸ್ಟ್ ೨೩, ಮಂಗಳವಾರ

ಕಾಲು ಊದಿಕೊಂಡಿದೆ. ನಾನೂ ವತ್ಸಲಾನೂ ಒಂದು ಜೋಡಿ, ಕಾಂಪೌಂಡರೂ ಜವಾನನೂ ಇನ್ನೊಂದು. ವಿಜಯನಗರ, ಮಾಗಡಿ ರೋಡು, ರಾಜಾಜಿನಗರದ ಒಂದೊಂದು ಬ್ಲಾಕು, ಬಾಗಿಲು ತಟ್ಟೋದು, ಹೇಳೋದು, ಕವರು ಬದಲಾಯಿಸೋದು. ಕೆಲವರು ಕಾಫಿ ಕೊಟ್ಟರು. ಒಬ್ಬರು ನನ್ನ ಮುಂದೆಯೇ ಹಳೇ ಕವರು ಚರಂಡಿಗೆ ಎಸೆದು ಬಾಗಿಲು ಹಾಕಿಕೊಂಡರು. ರಾಮಕ್ಕಜ್ಜಿ ತನಗೆ ಏನೂ ಆಗಿಲ್ಲ ಅಂದಳು. ಪಕ್ಕದಲ್ಲಿ ಅವಳ ಮಗಳು, "ಹೋದ ವಾರ ಬಚ್ಚಲಲ್ಲಿ ಬಿದ್ದಿದ್ದು ಯಾರು ಮತ್ತೆ?" ಅಂದಳು.

ಒಂದೊಂದು ಬಾಗಿಲು ತೆರೆಯುವ ಮುಂಚೆ ಒಳಗಿನ ಸದ್ದಿಗೆ ಕಿವಿ ಕೊಡ್ತೀನಿ. ಮಾತಾಡೋದು ಕೇಳಿಸಿದರೆ ಉಸಿರು ಬಿಡ್ತೀನಿ.

ಕೆಂಗೇರಿಗೆ ಎರಡು ಸಲ ಹೋದೆವು. ಅಣ್ಣಮ್ಮನ ಮನೆಗೆ ಬೀಗ. ಪಕ್ಕದವರನ್ನ ಕೇಳಿದರೆ, "ಅವರ ಅಣ್ಣ ಬಂದು ಕರ್ಕೊಂಡು ಹೋದ್ರು. ಎಲ್ಲಿಗೆ ಅಂತ ಗೊತ್ತಿಲ್ಲ. ಹುಷಾರಿರ್ಲಿಲ್ಲ" ಅಂದರು. ಏನಾಗಿತ್ತು ಅಂದರೆ, ನಾವು ಕೆಲಸಕ್ಕೆ ಹೋಗಿದ್ವಿ, ನೋಡಲಿಲ್ಲ ಅಂದರು. ಬಂದ ತಕ್ಷಣ ಆಸ್ಪತ್ರೆಗೆ ಕಳಿಸಿ ಅಂತ ಮೂರು ಮನೆಗೆ ಹೇಳಿ ಬಂದಿದ್ದೇವೆ.

ವಾಪಸು ಬರುವಾಗ ಬಸ್ಸಿನಲ್ಲಿ, ಕಂಟೋನ್ಮೆಂಟಿನ ಕಡೆ ಕೆಲಸ ಖಾಲಿ ಇದೆಯಂತೆ, ಕೇಳಲಾ ಅಂದಳು ವತ್ಸಲಾ. ಬೇಡ, ನೀನು ಇರು, ನೀನು ಹೋದರೆ ನಾನು ಯಾರ ಜೊತೆ ನೋಡಲಿ ಆ ಹಾಳೆನ ಅಂದೆ.

ಆಗಸ್ಟ್ ೩೦, ಮಂಗಳವಾರ

ಸೆಕ್ರೆಟರಿಯವರು ನಮ್ಮಿಬ್ಬರನ್ನೂ ಕೆಲಸದಿಂದ ಬಿಡಿಸಲಿಲ್ಲ. ಡಾಕ್ಟರಮ್ಮ ಅಡ್ಡ ನಿಂತರಂತೆ.

ವತ್ಸಲಾ ತನ್ನ ಮೇಷ್ಟ್ರ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದಾಳೆ. ಈಗ ನಂಬರು, ಹೆಸರು ಎಡಗಡೆ ಕಟ್ಟಿಹಾಕಿದ ಹಾಗೆ ನಿಂತಿರುತ್ತವೆ. ಬಲಕ್ಕೆ ಎಷ್ಟು ದೂರ ಹೋದರೂ ಹೆಸರು ಜೊತೆಗೇ ಬರುತ್ತದೆ, ಮಾತ್ರೆ ಅದರ ಪಕ್ಕದಲ್ಲೇ ಕಾಣುತ್ತದೆ. ಬೇಡದ ಕಾಲಂಗಳನ್ನ ಮರೆ ಮಾಡಿದ್ದಾಳೆ. ನಾವು ತುಂಬಬೇಕಾದ ಜಾಗ ಬಿಟ್ಟು ಅಕ್ಷರ ಎಲ್ಲಿ ಬೀಳುತ್ತೆ ಅಂತ ತೋರಿಸೋ ಹಸಿರು ಗುರುತು ಎಲ್ಲಿಗೂ ಹೋಗದ ಹಾಗೆ ಬೇಲಿ ಹಾಕಿದ್ದಾಳೆ. ತಳದ ಎಂಟು ಸಾವಿರ ಸಾಲಿಗೂ ನಮಗೂ ಇನ್ನು ಸಂಬಂಧ ಇಲ್ಲ.

"ಒತ್ತಿ ನೋಡಿ ಅಮ್ಮಾ, ಹೋಗಲ್ಲ" ಅಂದಳು. ನಾನೇ ಬೆರಳಿಟ್ಟು ಒತ್ತಿದೆ. ಹೋಗಲಿಲ್ಲ. ಇನ್ನೊಂದು ಸಲ ಒತ್ತಿದೆ.

ಆದರೂ ನನಗೆ ನಂಬಿಕೆ ಬರಲಿಲ್ಲ. ಕಾರ್ಡು ಒಂದು ಕೈಲಿ, ಹಾಳೆ ಒಂದು ಕೈಲಿ, ಒಂದೊಂದು ಹೆಸರೂ ಕೂಡಿಸಿ ನೋಡಿದೆ. ಒಂದೊಂದೇ ಮುಖ ಕಣ್ಣೆದುರಿಗೆ ಬಂತು. ಇವಳಿಗೆ ಎರಡು ಮಕ್ಕಳು. ಇವನು ಕಟ್ಟಡದ ಕೆಲಸದವನು, ಮೇಲೆ ನಿಂತಿರುತ್ತಾನೆ. ಹೊತ್ತಾಗಿ ಗುಡಿಗೆ ಹೋಗೋದಕ್ಕೆ ಆಗಲಿಲ್ಲ.

ಮನೆಗೆ ಬಂದರೆ ಜಯದೇವಿ ಹೊಸಲಲ್ಲಿ ಕೂತಿದ್ದಳು. ಕೈ ಎಗರಿ ಎಷ್ಟೋ ದಿನ ಆಯಿತು. "ಅತ್ತೆ, ಒದೀತಾ ಇದೆ" ಅಂದಳು. ಕೈ ತೊಳೆದುಕೊಂಡು ಬಂದು ಹೊಟ್ಟೆ ಮುಟ್ಟಿದೆ. ಒದೀತು. ತಾಯತ ಅವಳ ತೋಳಲ್ಲಿ ಇರಲಿಲ್ಲ. ಯಾವಾಗ ಬಿಚ್ಚಿದ್ದಳೋ, ನಾನು ಕೇಳಲಿಲ್ಲ.

ಸೆಪ್ಟೆಂಬರ್ ೫, ಸೋಮವಾರ

ಮಾತ್ರೆ ಕೊಡೋ ದಿನ. ಅಣ್ಣಮ್ಮ ಬಂದರು.

ಸಾಲಿನಲ್ಲಿ ನಿಂತಿದ್ದನ್ನ ನಾನು ಮೊದಲು ಗುರುತು ಹಿಡಿಯಲಿಲ್ಲ. ಬಲಗೈಗೆ ಬೆರಳ ತುದಿಯಿಂದ ಮೊಣಕೈ ತನಕ ಬಟ್ಟೆ ಸುತ್ತಿದೆ. ಕತ್ತಿನ ಹತ್ತಿರ ಚರ್ಮ ಸುಲಿದು ಗುಲಾಬಿ ಬಣ್ಣ.

"ಸೀಮೆಎಣ್ಣೆ ಸ್ಟೌ ಮೇಲೆ ಬಿದ್ದೆ ತಾಯಿ. ಅಣ್ಣನ ಮನೇಲಿದ್ದೆ ಇಷ್ಟು ದಿನ" ಅಂದರು. "ವಾಸಿ ಆಯ್ತು ಅಂತ ಪಕ್ಕದ ಮನೆಗೆಲ್ಲ ಪಾಯಸ ಕೊಟ್ಟಿದ್ದೆ. ಈಗ ಅವರು ಕೇಳ್ತಾರೆ, ಏನಣ್ಣಮ್ಮ, ಪಾಯಸ ವಾಪಸ್ ಕೊಡೋಣ್ವಾ ಅಂತ."

ನಕ್ಕರು. ಸಾಲಿನಲ್ಲಿದ್ದವರೂ ಒಬ್ಬಿಬ್ಬರು ನಕ್ಕರು.

ಬೆಂಚಿನ ಮೇಲೆ ಕೂರಿಸಿದೆ. ನಿಮ್ಮ ಮಾತ್ರೆ ನಿಲ್ಲಿಸಿರಲಿಲ್ಲ, ಯಾರೂ ನಿಲ್ಲಿಸಿ ಅಂದಿರಲಿಲ್ಲ, ತಪ್ಪು ನನ್ನದು ಅಂದೆ. ಹೇಗಾಯಿತು ಅಂತ ಪೂರ್ತಿ ಹೇಳಿದೆ. ಮಧ್ಯೆ ವತ್ಸಲಾ ಬಂದು ನನ್ನ ಪಕ್ಕ ನಿಂತಳು. ಅಣ್ಣಮ್ಮ ನನ್ನನ್ನೇ ನೋಡುತ್ತಿದ್ದರು. ನಗು ನಿಂತಿತ್ತು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೊಡೆದರೂ ಹೊಡೆಯಲಿ ಅಂದುಕೊಂಡೆ.

"ಅಂದ್ರೆ ಇದು ಇನ್ನೂ ಇದೆ" ಅಂದರು. "ಹೋಗಿರಲೇ ಇಲ್ಲ."

"ಇಲ್ಲಮ್ಮ."

"ಆ ಹದಿನೈದು ದಿನ ನಾನು ಎಷ್ಟು ಚೆನ್ನಾಗಿ ನಿದ್ದೆ ಮಾಡಿದೆ ಗೊತ್ತಾ" ಅಂದರು.

ಅವರ ಕವರು ತಂದೆ. ಎಡಗೈಲಿ ಬಿಚ್ಚೋದಕ್ಕೆ ನೋಡಿದರು, ಆಗಲಿಲ್ಲ. ಕವರು ನನ್ನ ಕಡೆ ಚಾಚಿ, "ಬೆಳಗಿನ ಮಾತ್ರೆ ಇನ್ನೂ ಆಗಿಲ್ಲ. ನೀವೇ ಬಾಯಿಗೆ ಹಾಕಿ" ಅಂದರು.

ಬಿಚ್ಚಿದೆ. "ಅಣ್ಣಮ್ಮ, ಕೆಂಗೇರಿ. ಬೆಳಗ್ಗೆ ದೊಡ್ಡದು ಒಂದು" ಅಂತ ಕವರಿನ ಮೇಲಿದ್ದನ್ನ ಓದಿದೆ. ಮಾತ್ರೆಯನ್ನ ಅವರ ಕಣ್ಣ ಮುಂದೆ ಹಿಡಿದೆ. "ಸರಿಯಾಗಿದೆಯಾ, ನೋಡಿ."

"ನೀವು ಹಾಕಿದ್ದೀರಲ್ಲ, ಸರಿಯಾಗೇ ಇರುತ್ತೆ" ಅಂದು ಬಾಯಿ ತೆರೆದರು.

"ಹಂಗನ್ನಬೇಡಿ. ನೋಡಿ ಹೇಳಿ."

ಬಾಯಿ ಮುಚ್ಚಿಕೊಂಡರು. ನನ್ನ ಬೆರಳಲ್ಲಿದ್ದ ಮಾತ್ರೆಯನ್ನ ತಿರುಗಿಸಿ ತಿರುಗಿಸಿ ನೋಡಿದರು, ಸಾಲಿನಲ್ಲಿದ್ದವರು ಗೊಣಗುವ ತನಕ. ಆಮೇಲೆ ಹೂಂ ಅಂದರು. ಆಮೇಲೆಯೇ ಹಾಕಿದೆ.